ಗರಡಿ ಮಣ್ಣು ಗಾಯಕ್ಕೆ ಹಚ್ಚಬಹುದೇ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಗರಡಿ ಮನೆಗೆ ಕುಸ್ತಿ ಕಲಿಯಲು ಹೋಗುತ್ತಾನೆ. ಮೊನ್ನೆ ಮೊಣಕಾಲು ತರಚಿಕೊಂಡು ಬಂದ. ನಮ್ಮ ಅತ್ತೆ ಗರಡಿಯ ಕೆಂಪು ಮಣ್ಣನ್ನೇ ಕಲಸಿ ಗಾಯಕ್ಕೆ ಮೆತ್ತಿದರು. "ನಿಮ್ಮ ಮಾವನವರ ಗಾಯ ಎಲ್ಲಾ ಇದರಿಂದನ ಮಾದಾವು" ಅಂತಾರೆ. ಗಾಯ ಒಣಗಿದ್ದೂ ನಿಜ. ವಿದೇಶದಲ್ಲೂ ಔಷಧಿ ಮಣ್ಣು ಬಳಸುತ್ತಾರಂತೆ. ಮುಂದೆಯೂ ಹಚ್ಚಬಹುದೇ? ಬೇಡವಾದರೆ ಅತ್ತೆಗೆ ನೋವಾಗದಂತೆ ಹೇಗೆ ಹೇಳಲಿ?
- ಓದುಗರೊಬ್ಬರು, ಜಮಖಂಡಿ

ಉತ್ತರ: ತಂಗಿ, ನಾನೂ ನಿಮ್ಮ ಕಡೆಯವಳೇ. ನಮ್ಮ ಅಪ್ಪ ಗರಡಿಯಲ್ಲೇ ಬೆಳೆದವರು. ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿದ ಆ ಮಣ್ಣಿನ ಮೇಲೆ ಪೈಲ್ವಾನರಿಗೆ ಎಷ್ಟು ಭಕ್ತಿ ಅಂತ ನನಗೆ ಗೊತ್ತು. ಆದರೂ ವೈದ್ಯೆಯಾಗಿ ಹೇಳುತ್ತೇನೆ, ಚರ್ಮ ಕಿತ್ತ ಜಾಗಕ್ಕೆ ಅದು ಬೇಡ.

ಧನುರ್ವಾಯು ತರುವ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ದನದ ಸಗಣಿಯಲ್ಲಿ ಇರುತ್ತವೆ. ಅರಿಶಿನಕ್ಕೆ ಅವು ಸಾಯುವುದಿಲ್ಲ. ಕುದಿಯುವ ನೀರಿನಲ್ಲೂ ಕೆಲ ಹೊತ್ತು ತಡೆದುಕೊಳ್ಳುತ್ತವೆ. ಹಾಗಾಗಿ ಮಣ್ಣನ್ನು ಹಂಚಿನ ಮೇಲೆ ಹುರಿದರೂ ಧೈರ್ಯ ಹೇಳಲಾಗದು. ಇನ್ನೊಂದು ವಿಷಯ, ಈ ರೋಗಾಣು ಬೆಳೆಯುವುದು ಗಾಳಿಯಾಡದ ಕಡೆ. ಮೆತ್ತಿದ ಮಣ್ಣು ಒಣಗಿ ಗಟ್ಟಿಯಾದರೆ ಗಾಯದ ಬಾಯಿ ಮುಚ್ಚಿಹೋಗುತ್ತದೆ. ಒಳಗೆ ಕೀವು ತುಂಬಿದರೂ ಕಾಣುವುದಿಲ್ಲ. ಸಾಲದ್ದಕ್ಕೆ, ಗರಡಿ ಮಣ್ಣಿನಲ್ಲಿ ಎಷ್ಟೋ ಜನರ ಬೆವರು, ರಕ್ತ ಬೆರೆತಿರುತ್ತದೆ.

ಗಾಯ ಒಣಗಿತಲ್ಲ ಅಂತೀರಿ. ಮಣ್ಣು ಒಸರುವ ನೀರನ್ನು ಹೀರುತ್ತದೆ, ತಂಪು ಕೊಡುತ್ತದೆ, ಅದು ನಿಜ. ಆದರೆ ಮೇಲಿನ ತರಚು ಗಾಯ ಸುಮ್ನೆ ತೊಳೆದು ಬಿಟ್ಟರೂ ಹೆಚ್ಚಾಗಿ ತಾನೇ ಮಾಯುತ್ತದೆ.

ವಿದೇಶದ ಮಾತು ಸುಳ್ಳಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ ಹೈಲ್ಟ್‌ಸುಕ್ ಎಂಬ ಮೂಲನಿವಾಸಿಗಳು ಕಿಸಮೀಟ್ ಎಂಬಲ್ಲಿನ ಜೇಡಿಮಣ್ಣನ್ನು ಹಿಂದಿನಿಂದಲೂ ಔಷಧಿಯಾಗಿ ಬಳಸಿದ್ದಾರೆ. ಆಂಟಿಬಯಾಟಿಕ್‌ಗೂ ಬಗ್ಗದ ಕೆಲವು ರೋಗಾಣುಗಳನ್ನು ಅದು ಕೊಂದದ್ದನ್ನು 2016ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಅದು ಪ್ರಯೋಗಾಲಯದ ಮಾತು, ಒಂದೇ ಜಾಗದ ಮಣ್ಣಿನ ಮಾತು. ಕೇಯೋಲಿನ್ ಎಂಬ ಬಿಳಿ ಜೇಡಿ ಹಾಕಿದ ಬಟ್ಟೆಯಿಂದ ರಕ್ತ ನಿಲ್ಲಿಸುವುದೂ ಉಂಟು. ಅದನ್ನು ಕಾರ್ಖಾನೆಯಲ್ಲಿ ರೋಗಾಣು ಇಲ್ಲದಂತೆ ಶುದ್ಧ ಮಾಡಿರುತ್ತಾರೆ. ನಮ್ಮ ಎರೆಮಣ್ಣು, ಹುತ್ತದ ಮಣ್ಣು, ಗರಡಿ ಮಣ್ಣಿಗೆ ಇದನ್ನು ಅನ್ವಯಿಸಲಾಗದು, ಅಲ್ವಾ?

ಈಗ ಮಾಡಬೇಕಾದದ್ದು ಹೇಳುತ್ತೇನೆ. ಮಗನ ತಾಯಿ ಕಾರ್ಡ್ ಹುಡುಕಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಆಮೇಲೆ ಒಂದೂವರೆ ವರ್ಷದ ಹೊತ್ತಿಗೆ, 5 ವರ್ಷ ತುಂಬಿದ ಮೇಲೆ, 10 ವರ್ಷಕ್ಕೆ ಧನುರ್ವಾಯು ತಡೆಯುವ ಲಸಿಕೆ ಆಗಿದೆಯೇ ನೋಡಿ. ಎಲ್ಲ ಆಗಿದ್ದರೆ ಚಿಂತೆ ಬೇಡ. ಯಾವುದಾದರೂ ತಪ್ಪಿದ್ದರೆ, ಕಾರ್ಡೇ ಸಿಗದಿದ್ದರೆ, ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನಾವು ಟಿಟಿ ಅನ್ನುತ್ತಿದ್ದ ಚುಚ್ಚುಮದ್ದಿನ ಬದಲು ಈಗ ಟಿಡಿ ಕೊಡುತ್ತಾರೆ, ಅದರಲ್ಲಿ ಗಂಟಲುಮಾರಿಗೂ ರಕ್ಷಣೆ ಇದೆ. ಗಾಯ ಆರಿದ ಮೇಲೂ ಮೂರು ವಾರ ಗಮನವಿರಲಿ. ದವಡೆ ಬಿಗಿದರೆ, ಬಾಯಿ ತೆರೆಯಲು ಕಷ್ಟವಾದರೆ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಅತ್ತೆಯವರಿಗೆ "ನಿಮ್ಮದು ತಪ್ಪು" ಅನ್ನಬೇಡಿ. ಮೊಮ್ಮಗನ ಗಾಯ ನೋಡಿ ಕೈ ಕಟ್ಟಿ ಕೂರಲು ಅವರಿಗೆ ಆಗುವುದಿಲ್ಲ. ಆ ಕೆಲಸ ಅವರಿಗೇ ಬಿಡಿ. ಗರಡಿಯಿಂದ ಬಂದ ಕೂಡಲೇ ನಳದ ನೀರು ಬಿಟ್ಟು, ಸೋಪು ಹಚ್ಚಿ, ಮಣ್ಣಿನ ಕಣವೂ ಉಳಿಯದಂತೆ ತೊಳೆಯುವುದು ಅಜ್ಜಿಯ ಪಾಲಿಗಿರಲಿ. ಆಮೇಲೆ ಶುಭ್ರ ಬಟ್ಟೆಯ ಪಟ್ಟಿ ಸಾಕು. ದಿನಾ ಬಿಚ್ಚಿ ನೋಡಿ ಬದಲಿಸಲಿ. ಸುತ್ತ ಕೆಂಪಾಗಿ ಬಾತರೆ, ಕೀವು ಬಂದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಗಾಯ ಮಾಯುವ ತನಕ ಅವನನ್ನು ಅಖಾಡಕ್ಕೆ ಇಳಿಸಬೇಡಿ ಎಂದು ಉಸ್ತಾದರಿಗೂ ಹೇಳಿ.