ಫಾಸ್ಟ್‌ಕ್ಯೂ ಅಳಿಸುವ ಮುನ್ನ

ಪ್ರಶ್ನೆ: ಸೀಕ್ವೆನ್ಸಿಂಗ್ ರೀಡ್‌ಗಳ (ಯಂತ್ರ ಓದಿದ ಡಿಎನ್‌ಎ ತುಣುಕುಗಳ) ಫಾಸ್ಟ್‌ಕ್ಯೂ ಎಂಬ ಕಚ್ಚಾ ಕಡತಗಳಿಂದ ಡಿಸ್ಕ್ ತುಂಬಿಹೋಗಿದೆ. ಅಲೈನ್ ಮಾಡಿ (ಮಾದರಿ ಜೀನೋಮ್‌ನಲ್ಲಿ ಪ್ರತಿ ರೀಡ್‌ನ ಜಾಗ ಗುರುತಿಸಿ) ಕ್ರ್ಯಾಮ್ ಎಂಬ ಕಿರಿದಾದ ರೂಪದಲ್ಲಿಟ್ಟುಕೊಂಡು ಮೂಲ ಕಡತಗಳನ್ನು ಅಳಿಸಬಹುದೇ?

ಉತ್ತರ: ಅಳಿಸಬಹುದು, ಆದರೆ ಕ್ರ್ಯಾಮ್‌ನಿಂದ ಅಷ್ಟೂ ರೀಡ್‌ಗಳು ವಾಪಸು ಬರುತ್ತವೆಯೇ ಎಂದು ನೋಡಿದ ಮೇಲೆ. ಕ್ರ್ಯಾಮ್ ಪ್ರತಿ ರೀಡ್‌ನ ಅಕ್ಷರಗಳನ್ನು ಪೂರ್ತಿ ಬರೆದಿಡುವುದಿಲ್ಲ. ರೆಫರೆನ್ಸ್ (ಮಾದರಿ) ಜೀನೋಮ್‌ಗಿಂತ ಎಲ್ಲಿ ಬೇರೆಯಾಗಿದೆಯೋ ಅಷ್ಟನ್ನೇ ಗುರುತು ಹಾಕಿಕೊಳ್ಳುತ್ತದೆ. ಹಾಗಾಗಿ ರೆಫರೆನ್ಸ್ ಕಳೆದುಕೊಂಡರೆ ಕ್ರ್ಯಾಮ್ ಇದ್ದೂ ಇಲ್ಲದಂತೆ. ಕ್ರೋಮೋಸೋಮ್‌ಗಳ ಹೆಸರು ಒಂದೇ ಇದ್ದ ಮಾತ್ರಕ್ಕೆ ಬೇರೆ ಆವೃತ್ತಿಯ ಜೀನೋಮ್ ಕೊಟ್ಟರೆ ನಡೆಯದು. ಎಂಡಿ5 (ದತ್ತಾಂಶದ ಬೆರಳಚ್ಚಿನಂಥ ಸಂಕೇತ) ಹೊಂದದೆ, ಈ ಕಡತಗಳನ್ನು ನಿಭಾಯಿಸುವ ಸ್ಯಾಮ್‌ಟೂಲ್ಸ್ ತಂತ್ರಾಂಶ ದೋಷ ತೋರಿಸಿ ನಿಲ್ಲುತ್ತದೆ. ಅಲೈನ್ ಮಾಡಲು ಬಳಸಿದ ಅದೇ ರೆಫರೆನ್ಸಿನ ಫಾಸ್ಟಾ ಕಡತವನ್ನು ಕ್ರ್ಯಾಮ್ ಜೊತೆಗೇ ಬ್ಯಾಕಪ್ ಮಾಡಿ, ಬೇಕಾದಾಗ ನೆಟ್‌ನಿಂದ ಬಂದೀತು ಎಂದು ಬಿಡಬೇಡಿ. ಬ್ಯಾಕ್ಟೀರಿಯಾದಂಥ ಪುಟ್ಟ ಜೀನೋಮ್ ಆದರೆ ‘ಎಂಬೆಡ್ ರೆಫ್’ ಆಯ್ಕೆಯಿಂದ ರೆಫರೆನ್ಸನ್ನು ಕಡತದೊಳಗೇ ಸೇರಿಸಿಬಿಡುವುದು ವಾಸಿ.

ಅದಕ್ಕಿಂತ ಹೆಚ್ಚಾಗಿ ಡೇಟಾ ಸೋರಿಹೋಗುವುದು ಅಲೈನ್‌ಮೆಂಟ್‌ನ ಹಿಂದೆ ಮುಂದೆ. ಮೊದಲೇ ಅಡಾಪ್ಟರ್ (ಸೀಕ್ವೆನ್ಸಿಂಗ್‌ಗೆಂದು ತುದಿಗೆ ಅಂಟಿಸಿದ ತುಣುಕು) ಕತ್ತರಿಸಿದ್ದರೆ ಆ ತುದಿಗಳು ಕ್ರ್ಯಾಮ್‌ನಲ್ಲಿ ಇರುವುದೇ ಇಲ್ಲ. ಎಲ್ಲಿಯೂ ಕೂರದ ರೀಡ್‌ಗಳನ್ನು ಸೋಸಿ ತೆಗೆದಿದ್ದರೆ, ಡೂಪ್ಲಿಕೇಟ್‌ಗಳನ್ನು ಗುರುತಿಸುವ ಬದಲು ತೆಗೆದೇ ಹಾಕಿದ್ದರೆ ಅವೂ ಹೋದವು. ಜಿಎಟಿಕೆ ಎಂಬ ವಿಶ್ಲೇಷಣಾ ತಂತ್ರಾಂಶದಲ್ಲಿ ಕ್ವಾಲಿಟಿ (ಪ್ರತಿ ಅಕ್ಷರ ಎಷ್ಟು ನಂಬಲರ್ಹ ಎಂಬ ಅಂಕ) ಮರುಲೆಕ್ಕ ಮಾಡಿದ್ದರೆ ಅಂಕಗಳೇ ಬದಲಾಗಿರುತ್ತವೆ. ಹಳೆಯವನ್ನು ಓಕ್ಯೂ ಟ್ಯಾಗ್‌ನಲ್ಲಿ (ಮೂಲ ಅಂಕಗಳಿಗೆಂದಿರುವ ಜಾಗದಲ್ಲಿ) ಉಳಿಸಿಕೊಂಡಿರದಿದ್ದರೆ ಮರಳಿ ಸಿಗವು. ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಆ ಕ್ರ್ಯಾಮ್ ಮೂಲಕ್ಕೆ ಬದಲಿಯಲ್ಲ. ಕಚ್ಚಾ ಫಾಸ್ಟ್‌ಕ್ಯೂವನ್ನೇ ‘ಸ್ಯಾಮ್‌ಟೂಲ್ಸ್ ಇಂಪೋರ್ಟ್’ ಮೂಲಕ ಅಲೈನ್ ಆಗದ ಕ್ರ್ಯಾಮ್ ಮಾಡಿಡಿ. ಉಳಿತಾಯ ಕಡಿಮೆ, ರೆಫರೆನ್ಸಿನ ಹಂಗಿಲ್ಲ.

ಪರೀಕ್ಷೆ ಹೀಗೆ: ಮೊದಲು ಜೋಡಿ ರೀಡ್‌ಗಳನ್ನು ಒಟ್ಟಿಗೆ ತರುವ ಸ್ಯಾಮ್‌ಟೂಲ್ಸ್‌ನ ‘ಕೊಲೇಟ್’, ಅದರ ಔಟ್‌ಪುಟ್ ಮೇಲೆ ‘ಫಾಸ್ಟ್‌ಕ್ಯೂ’ ಆದೇಶ. ಕೊಲೇಟ್ ಬಿಟ್ಟರೆ, ಸ್ಥಾನದ ಪ್ರಕಾರ ಸಾರ್ಟ್ ಆದ ಕಡತದಲ್ಲಿ ಜೋಡಿ ರೀಡ್‌ಗಳು ದೂರ ದೂರ ಇರುವುದರಿಂದ ಜೋಡಿಯ ಎರಡು ಕಡತಗಳಾದ ಆರ್1, ಆರ್2 ತಾಳ ತಪ್ಪುತ್ತವೆ. ಮೂಲದ ಎರಡೂ ಕಡತಗಳ ಒಟ್ಟು ಸಾಲುಗಳನ್ನು 4ರಿಂದ ಭಾಗಿಸಿ (ರೀಡ್ ಒಂದಕ್ಕೆ 4 ಸಾಲು); ಬಂದ ಸಂಖ್ಯೆ, ಕ್ರ್ಯಾಮ್‌ನ ರೀಡ್‌ಗಳನ್ನು ಎಣಿಸುವ ‘ಫ್ಲ್ಯಾಗ್‌ಸ್ಟ್ಯಾಟ್’ ಆದೇಶ ತೋರಿಸುವ ಪ್ರೈಮರಿ ಸಂಖ್ಯೆಗೆ ಸಮವಿರಬೇಕು. ಅಲ್ಲಿನ ಟೋಟಲ್ ನೋಡಬೇಡಿ, ಅದರಲ್ಲಿ ಸೆಕೆಂಡರಿ, ಸಪ್ಲಿಮೆಂಟರಿ ಸಾಲುಗಳೂ (ಅದೇ ರೀಡ್ ಬೇರೆ ಜಾಗಗಳಲ್ಲೂ ಕೂತದ್ದರ ದಾಖಲೆ) ಸೇರಿರುತ್ತವೆ. ರೀಡ್‌ಗಳ ಕ್ರಮ ಬದಲಾಗಿರುವುದರಿಂದ ಕಡತಗಳ ಎಂಡಿ5 ಹೊಂದುವುದಿಲ್ಲ, ಗಾಬರಿ ಬೇಡ. ಎರಡೂ ಕಡೆಯ ಹೆಸರು, ಅನುಕ್ರಮ, ಕ್ವಾಲಿಟಿಯನ್ನು ಹೆಸರಿನ ಪ್ರಕಾರ ಸಾರ್ಟ್ ಮಾಡಿ ಹೋಲಿಸಿ.

ಪ್ರಶ್ನೆ: ಸ್ಯಾಮ್‌ಟೂಲ್ಸ್‌ನ ‘ಕ್ವಿಕ್‌ಚೆಕ್’ ಪಾಸಾದ ಬ್ಯಾಮ್ ಕಡತ (ಅಲೈನ್ ಆದ ರೀಡ್‌ಗಳ ಇನ್ನೊಂದು ರೂಪ) ಕೆಟ್ಟಿದೆ ಎಂದು ವಿಶ್ಲೇಷಣೆಯ ನಡುವೆ ದೋಷ ಬರುತ್ತದೆ. ಹೇಗೆ?

ಉತ್ತರ: ಕ್ವಿಕ್‌ಚೆಕ್ ನೋಡುವುದು ತಲೆ ಮತ್ತು ಬಾಲವನ್ನಷ್ಟೇ: ಹೆಡರ್ ಸರಿಯಿದೆಯೇ, ಕೊನೆಯ 28 ಬೈಟ್‌ಗಳ ಮುಕ್ತಾಯದ ಬ್ಲಾಕ್ ಇದೆಯೇ ಎಂದು. ಅರ್ಧಕ್ಕೆ ನಿಂತ ಕಾಪಿಯನ್ನು ಅದು ಹಿಡಿಯುತ್ತದೆ, ನಡುವೆ ಹಾಳಾದದ್ದನ್ನಲ್ಲ. ಫ್ಲ್ಯಾಗ್‌ಸ್ಟ್ಯಾಟ್ ಓಡಿಸಿದರೆ ಕಡತವನ್ನು ಕೊನೆತನಕ ಓದಲೇಬೇಕಾದ್ದರಿಂದ ಕೆಟ್ಟ ಬ್ಲಾಕ್ ಸಿಕ್ಕಿಬೀಳುತ್ತದೆ. ಕಡತ ಸಿದ್ಧವಾದ ದಿನವೇ ಎಂಡಿ5 ಬರೆದಿಟ್ಟು, ಪ್ರತಿ ಕಾಪಿಯ ನಂತರ ತಾಳೆ ನೋಡಿ.

ಪ್ರಶ್ನೆ: ಎಸ್‌ಆರ್‌ಎ ಎಂಬ ಸಾರ್ವಜನಿಕ ರೀಡ್ ಭಂಡಾರದಿಂದ ತಂದ ಸಣ್ಣ ಕಡತಕ್ಕೂ, ಅದನ್ನು ಫಾಸ್ಟ್‌ಕ್ಯೂ ಮಾಡುವ ‘ಫಾಸ್ಟರ್‌ಕ್ಯೂ ಡಂಪ್’ ಜಾಗ ಸಾಲದು ಎಂದು ನಿಲ್ಲುತ್ತದೆ.

ಉತ್ತರ: ತಾತ್ಕಾಲಿಕ ಕಡತಗಳೂ ಸೇರಿ ಮೂಲದ ಸುಮಾರು 17 ಪಟ್ಟು ಜಾಗ ಲೆಕ್ಕ ಹಾಕಿ. ಔಟ್‌ಪುಟ್ಟನ್ನು ಅದು ಕಂಪ್ರೆಸ್ ಮಾಡುವುದಿಲ್ಲ, ಅದನ್ನು ನೀವೇ ಮಾಡಬೇಕು. ‘ಟೆಂಪ್’ ಆಯ್ಕೆಯಲ್ಲಿ ಬೇರೊಂದು ದೊಡ್ಡ ಡಿಸ್ಕ್ ತೋರಿಸಿ, ಎಸ್‌ಎಸ್‌ಡಿ ಆದರೆ ಇನ್ನೂ ಒಳ್ಳೆಯದು.