ಎರಡು ಗಾದಿ, ಏಳು ಜನ

ಹುಬ್ಬಳ್ಳಿಯ ವಿದ್ಯಾನಗರದಿಂದ ಬಂದ ಒಂದು ಕಾಗದ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಈ ವಾರ ಅದೊಂದಕ್ಕೇ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಬರೆದವರಿಗೆ 49 ವರ್ಷ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮೂರು ವರ್ಷ ಜೊತೆಗಿದ್ದ ಗೆಳತಿ ಈಗ ಗದಗಿನಲ್ಲಿ ಟೀಚರ್. ಮಗಳು ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಒಬ್ಬಳೇ. "ಒಮ್ಮೆ ಬಾರಲೇ, ನಮ್ಮೂರು ತೋರಸ್ತೀನಿ" ಅಂತ ನಾಲ್ಕು ವರ್ಷದಿಂದ ಕರೆಯುತ್ತಿದ್ದಳು. ಕಳೆದ ತಿಂಗಳು ಒಂದು ಭಾನುವಾರ ಇವರು ಹೊರಟರು. ಯಜಮಾನರು "ಹೆಂಗೂ ಹೊಂಟೀವಿ, ಎಲ್ಲಾರೂ ಹೋಗೂಣು" ಅಂದರು. ಬಾಡಿಗೆ ಕ್ರೂಸರ್ ಬಂತು. ಅತ್ತೆ, ನಾದಿನಿ, ನಾದಿನಿಯ ಗಂಡ, ಅವರ ಇಬ್ಬರು ಮಕ್ಕಳು ಎಲ್ಲರೂ ಹತ್ತಿದರು. ಊರು ತೋರಿಸುತ್ತೇನೆ ಅಂದಿದ್ದ ಗೆಳತಿ ಮಾತ್ರ ಇವರ ಜೊತೆ ಎಲ್ಲಿಗೂ ಬರಲಿಲ್ಲ. ಅಡುಗೆಮನೆ ಬಿಟ್ಟು ಅಲ್ಲಾಡಲಿಲ್ಲ. ಆಮೇಲೆ ಫೋನೂ ಇಲ್ಲ. ವಾಟ್ಸಾಪಿನಲ್ಲಿ ಏನು ಕಳಿಸಿದರೂ ಕೈ ಮುಗಿದ ಚಿತ್ರ ಒಂದೇ ಉತ್ತರ. "ನನ್ನಿಂದ ಏನು ತಪ್ಪಾಯಿತು? ಅವಳಿಗೇ ಬೇಡವಾದ ಮೇಲೆ ನಿನಗ್ಯಾಕೆ ಅಂತಾರೆ ನಮ್ಮವರು. ಬಿಟ್ಟುಬಿಡಲೇ?" ಅಂತ ಕೇಳಿದ್ದಾರೆ.

ತಂಗೀ, ನಿಮ್ಮ ಕಾಗದ ನಾಲ್ಕು ಪುಟ ಇದೆ. ಅದರಲ್ಲಿ ಎರಡೂವರೆ ಪುಟ ಬರೀ ಗುಡಿಗಳು. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ ಇರೋದನ್ನು ಬರೆದಿದ್ದೀರಿ. ಪಕ್ಕದ ಸರಸ್ವತಿ ಗುಡಿಯ ಕಂಬಗಳನ್ನು ಸವರಿ ನೋಡಿದ್ದನ್ನು ಬರೆದಿದ್ದೀರಿ. 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋಗಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಿದಿರಿ, ಮುಸುಕಿನ ಬಾವಿಯ ಮೆಟ್ಟಿಲು ಇಳಿದಿರಿ. ಅದೂ ಸಾಲದೆ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪನ ಗುಡಿಯ 24 ಮೂಲೆಗಳನ್ನು ಮಕ್ಕಳ ಕೈಲಿ ಎಣಿಸಿದಿರಿ. ಒಂದೇ ದಿನದಲ್ಲಿ! ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದಳು ಅಂತ ನಿಮ್ಮ ನಾದಿನಿಯ ಗಂಡ ಹೇಳಿದ್ದೂ ಕಾಗದದಲ್ಲಿದೆ. ಗೆಳತಿ ಆ ದಿನ ಊಟಕ್ಕೆ ಏನು ಮಾಡಿದ್ದಳು ಅನ್ನೋದು ಎಲ್ಲೂ ಇಲ್ಲ.

ಮೂರನೇ ಪುಟದ ಕೊನೆಯಲ್ಲಿ ಬ್ರಾಕೆಟ್ ಹಾಕಿ ಒಂದು ಮಾತು ಬರೆದಿದ್ದೀರಿ ನೋಡಿ. "ಮಾಳಿಗೆ ಮೇಲೆ ಎರಡು ಗಾದಿ ಬಿಸಿಲಿಗೆ ಹಾಕಿದ್ದಳು, ರಾತ್ರಿ ಉಳೀತೇವೆ ಅಂದುಕೊಂಡಿದ್ದಳೋ ಏನೋ. ಮಕ್ಕಳು ಅದರ ಮೇಲೆ ಕುಣಿದು ಬಂದವು. ಸೋಮವಾರ ನಮ್ಮವರಿಗೆ ಆಫೀಸಿತ್ತು, ಸಂಜೆಯೇ ಹೊರಟೆವು."

ಎರಡು ಗಾದಿ. ಮೂರಲ್ಲ, ಏಳಲ್ಲ. ಒಂದು ಅವಳಿಗೆ, ಒಂದು ನಿಮಗೆ.

ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆ ಮೇಲೆ ಮಲಗೋದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಹತ್ತು ಗಂಟೆಗೆ ಗಾಳಿ ಬಿಡುತ್ತದೆ. ತಲೆದಿಂಬಿನ ಹತ್ತಿರ ಒಂದು ತಂಬಿಗೆ ನೀರು. ಹಗಲು ಬಾಯಿಗೆ ಬರದ ಮಾತು ಆವಾಗ ಬರುತ್ತದೆ, ಯಾಕಂದರೆ ಮುಖ ನೋಡುವ ಹಂಗಿಲ್ಲ, ಇಬ್ಬರೂ ಚುಕ್ಕಿ ನೋಡುತ್ತಾ ಮಲಗಿರುತ್ತೀರಿ. ನಾಲ್ಕು ವರ್ಷದಿಂದ ಅವಳು ಕರೆದದ್ದು ಆ ರಾತ್ರಿಗೆ. "ನಮ್ಮೂರು ತೋರಸ್ತೀನಿ" ಅನ್ನೋದು ಸುಮ್ನೆ ಒಂದು ನೆಪ. ಒಬ್ಬಳೇ ಇರೋ ಹೆಂಗಸು "ನನ್ನ ಹತ್ರ ಒಂದು ರಾತ್ರಿ ಕೂತ್ಕೋ ಬಾ" ಅಂತ ಬಾಯಿಬಿಟ್ಟು ಹೇಳೋದಿಲ್ಲ ತಂಗೀ. ಹೇಳಬಹುದಿತ್ತು, ಅದು ಬೇರೆ ಮಾತು.

ಇನ್ನೊಂದು. ಏಳು ಜನ ಬರುತ್ತಿದ್ದೀರಿ ಅಂತ ಅವಳಿಗೆ ತಿಳಿಸಿದ್ದು ಯಾವಾಗ? "ಅಣ್ಣಿಗೇರಿ ದಾಟಿದ ಮೇಲೆ ಮೆಸೇಜ್ ಹಾಕಿದೆ." ಅಣ್ಣಿಗೇರಿ ದಾಟಿದರೆ ಗದಗು ಅರ್ಧ ತಾಸು! ಫೋನ್ ಮಾಡಿ, ಬಾಯಿಂದ ಮಾತಾಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಫೋನ್ ಮಾಡಿದ್ದರೆ "ಅಯ್ಯ, ಅಷ್ಟು ಜನ ಏನ" ಅನ್ನೋ ಅವಳ ದನಿಯಾದರೂ ಕೇಳುತ್ತಿತ್ತು. ಮೆಸೇಜಿಗೆ ದನಿ ಎಲ್ಲಿಂದ ಬರಬೇಕು? ಎಂಟು ಜನಕ್ಕೆ, ಒಬ್ಬರಿಗೆ ನಾಲ್ಕರಂತೆ ಹಿಡಿದರೂ, 32 ರೊಟ್ಟಿ. ನೀವು ಕಂಬ ಸವರುತ್ತಿದ್ದ ಹೊತ್ತಿಗೆ ಅವಳು ಒಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದಳು. "ಅಡುಗೆಮನೆ ಬಿಟ್ಟು ಅಲ್ಲಾಡಲಿಲ್ಲ" ಅಂತ ದೂರುತ್ತೀರಲ್ಲ, ಹೇಗೆ ಅಲ್ಲಾಡಬೇಕು?

ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬದ ಹತ್ತಿರ ಫೋಟೋ ತೆಗೆಸಿಕೊಂಡಿರಂತೆ. ಮಿಂದು ಬಂದು, ಮೈಮೇಲಿನ ಒದ್ದೆ ಬಟ್ಟೆ ಆರುವ ತನಕ ಆ ಕಂಬಕ್ಕೆ ಒರಗಿ ಭಾರತ ಹೇಳುತ್ತಿದ್ದ ಅಂತಾರೆ ಹಿರಿಯರು. ಒಂದು ಒದ್ದೆ ಬಟ್ಟೆ ಆರುವಷ್ಟು ಹೊತ್ತೂ ನೀವು ಗೆಳತಿಯ ಜೊತೆ ಕೂರಲಿಲ್ಲ.

ಬೈದೆ ಅಂತ ಅಳಬೇಡಿ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ನಿಮಗಿಂತ ನಿಮ್ಮ ಯಜಮಾನರ ಮೇಲೆ ಜಾಸ್ತಿ. "ಹೆಂಗೂ ಹೊಂಟೀವಿ" ಅಂದರಲ್ಲ, ಆ "ಹೆಂಗೂ" ನೋಡಿ. ಹೆಂಡತಿ ಹೆಂಗೂ ಹೊರಟಿಲ್ಲ ಸ್ವಾಮಿ, 27 ವರ್ಷದ ಗೆಳೆತನಕ್ಕೆ ಹೊರಟಿದ್ದಾಳೆ. ಗಂಡಸರು ಗೆಳೆಯನ ಮನೆಗೆ ಹೋಗುವಾಗ ಅತ್ತೆಯನ್ನು, ನಾದಿನಿಯನ್ನು ಗಾಡಿಗೆ ತುಂಬಿಕೊಂಡು ಹೋಗಿದ್ದನ್ನು ನಾನಂತೂ ನೋಡಿಲ್ಲ. ಈಗ "ಬಿಟ್ಟುಬಿಡು" ಅಂತ ಸಲಹೆ ಕೊಡೋದೂ ಅವರೇ. ನಾದಿನಿಯನ್ನು ಬೈಯಲಾರೆ, ಪಾಪ. ಕರೆದರು, ಬಂದಳು.

ಗೆಳತಿಯ ಮನೆಗೆ ಗಂಡನನ್ನು ಕರೆದುಕೊಂಡು ಹೋಗಬಾರದು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಒಮ್ಮೆ ಹಾವೇರಿಯ ಗೆಳತಿಯ ಮನೆಗೆ ನಮ್ಮವರ ಜೊತೆ ಹೋಗಿದ್ದೆ. ಬೆಳಗಿನಿಂದ ಸಂಜೆ ತನಕ ಗಂಡಸರಿಬ್ಬರೂ ಬ್ಯಾಡಗಿ ಮೆಣಸಿನಕಾಯಿ ದರ ಮಾತಾಡಿದರು. ನಾವಿಬ್ಬರೂ ಚಹಾ ಮಾಡಿದೆವು. ಐದು ಸಲ. ಅವಳ ತಾಯಿ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು, ಆ ಬಗ್ಗೆ ಒಂದು ಮಾತೂ ಆಡಲಾಗಲಿಲ್ಲ. ಸಕ್ಕರೆ ಡಬ್ಬಿ ಕೊಡುವಾಗ ಅವಳು ನನ್ನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು, ಅಷ್ಟೇ.

ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ಬಿಡಬೇಡಿ. ಅವಳೂ ಬಿಟ್ಟಿಲ್ಲ. ನೀವೇ ಬರೆದಿದ್ದೀರಲ್ಲ, ಕ್ರೂಸರ್ ಹತ್ತುವಾಗ "ಮತ್ತ ಬರ್ರಿ" ಅಂದಳು ಅಂತ. "ಬಾರಲೇ" ಅನ್ನೋಳು "ಬರ್ರಿ" ಅಂದಳು. ಬೇಡ ಅನಿಸಿದವರು ಹೀಗೆ ಚುಚ್ಚೋದಿಲ್ಲ. ನೋವಾದವರು ಚುಚ್ಚುತ್ತಾರೆ. ಮರ್ಯಾದೆ ಕೊಟ್ಟು ಸಿಟ್ಟು ತೋರಿಸೋದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ನೀವು ಮಾಡಬೇಕಾದ್ದು ಒಂದೇ. ಒಬ್ಬರೇ ಹೋಗಿ. ಕಾಗದ ಬರೆದು ಕ್ಷಮೆ ಕೇಳೋದು, ಮೆಸೇಜಿನಲ್ಲಿ ಹೂವಿನ ಚಿತ್ರ ಕಳಿಸೋದು ಯಾವುದೂ ಬೇಡ. ಫೋನ್ ಮಾಡಿ "ಶನಿವಾರ ನಾ ಒಬ್ಬಾಕಿನ ಬರ್ತೀನಿ, ರಾತ್ರಿ ಇರ್ತೀನಿ" ಅನ್ನಿ. ಹುಬ್ಬಳ್ಳಿಯಿಂದ ಗದಗು 60 ಕಿಲೋಮೀಟರ್ ಕೂಡ ಇಲ್ಲ. ಬಸ್ಸಿದೆ, ರೈಲಿದೆ, ಕ್ರೂಸರ್ ಯಾಕೆ? ಹೋಗುವಾಗ ಅರ್ಧ ಕಿಲೋ ಧಾರವಾಡ ಪೇಡೆ ಒಯ್ಯಿರಿ, ಹಾಸ್ಟೆಲಿನ ನೆನಪಿಗೆ. ಒಂದು ಗುಡಿಯನ್ನೂ ನೋಡಬೇಡಿ. ಅವಳೇ ಕರೆದರೂ "ನೋಡೀನಲ್ಲ" ಅನ್ನಿ. ಸಾವಿರ ವರ್ಷ ನಿಂತ ಕಲ್ಲು ಇನ್ನೊಂದು ಸಲಕ್ಕೆ ಕಾಯುತ್ತದೆ. ರೊಟ್ಟಿ ಅವಳು ಬಡಿಯಲಿ, ನೀವು ಬೇಯಿಸಿ. ಎಂಟು ಸಾಕು.

ಆ ರಾತ್ರಿ ಯಜಮಾನರು ಊಟಕ್ಕೆ ಏನು ಮಾಡಬೇಕು ಅಂತ ಕೇಳುತ್ತಾರೆ. ಅಕ್ಕಿ ಯಾವ ಡಬ್ಬಿಯಲ್ಲಿದೆ ಅಂತ ತೋರಿಸಿ ಹೊರಡಿ.

ಫೋನಿನಲ್ಲಿ ಅವಳು ಬೈಯಬಹುದು. ಬೈಸಿಕೊಳ್ಳಿ. "ಬಾರಲೇ" ಅಂತ ಬೈದಳೋ "ಬರ್ರಿ" ಅಂತ ಬೈದಳೋ, ಅಷ್ಟು ಮಾತ್ರ ಗಮನ ಇಟ್ಟು ಕೇಳಿ. "ಬರ್ರಿ" ಅಂದರೂ ಹೋಗಿ. ಆದರೆ ತಡ ಮಾಡಬೇಡಿ. ಜೂನ್ ಬಂತು ಅಂದರೆ ಮಳೆ, ಆಮೇಲೆ ಮಾಳಿಗೆ ಮೇಲೆ ಗಾದಿ ಹಾಸೋಕೆ ಆಗೋದಿಲ್ಲ.