ಸಸಿ ಲೆಕ್ಕ, ಸ್ಟಾರ್ ಲೆಕ್ಕ

ಪ್ರಶ್ನೆ: ಹಾಳಾದ ಕಾಡು, ಹುಲ್ಲುಗಾವಲು, ಜೌಗುನೆಲ ಸರಿಮಾಡೋದಕ್ಕೂ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಇದೆಯಂತೆ, ಹೋಟೆಲ್‌ಗೆ ಕೊಟ್ಟಂಗೆ ಐದು ಸ್ಟಾರ್ ಬೇರೆ. ಒಂದು ಜಾಗ ಇದ್ದಂಗೆ ಇನ್ನೊಂದು ಇರಲ್ಲ, ಎಲ್ಲದಕ್ಕೂ ಒಂದೇ ಅಳತೆಗೋಲು ಹಿಡಿದ್ರೆ ಹೆಂಗೆ?

ಉತ್ತರ: ಇದೇ ಪ್ರಶ್ನೆ ಇಟ್ಕೊಂಡು ವಿಜ್ಞಾನಿಗಳೇ ಕಿತ್ತಾಡಿದ್ದಾರೆ. ಸೊಸೈಟಿ ಫಾರ್ ಎಕಲಾಜಿಕಲ್ ರೆಸ್ಟೊರೇಶನ್ (ರೆಸ್ಟೊರೇಶನ್ ಅಂದ್ರೆ ಹಾಳಾದ ನೆಲ ಸರಿಮಾಡೋ ಕೆಲಸ) ಅನ್ನೋ ಸಂಸ್ಥೆ 2016ರಲ್ಲಿ ಮಾನದಂಡದ ಮೊದಲ ಆವೃತ್ತಿ ತಂತು, 2018ರಲ್ಲಿ ಎರಿಕ್ ಹಿಗ್ಸ್ ಮತ್ತವರ ಜೊತೆಗಾರರು ತತ್ವಗಳು ಮುಂದಿರಬೇಕು, ಬಿಗಿ ಮಾನದಂಡ ಹೇರಿದ್ರೆ ಆಯಾ ಜಾಗಕ್ಕೆ ತಕ್ಕಂತೆ ಯೋಚಿಸೋ ಅವಕಾಶ ಕಮ್ಮಿಯಾಗುತ್ತೆ ಅನ್ನೋ ಅರ್ಥದಲ್ಲಿ ತಕರಾರು ತೆಗೆದ್ರು, ಮಾನದಂಡ ಬರೆದೋರು ತಿರುಗಿ ಉತ್ತರ ಕೊಟ್ರು, 2019ರಲ್ಲಿ ಎರಡನೇ ಆವೃತ್ತಿ ಬಂತು. ಮೊದಲನೇದರ ಹೆಸರಲ್ಲಿ ಬಾಲದ ಥರ ಇದ್ದ 'ತತ್ವಗಳು' ಅನ್ನೋ ಪದ ಎರಡನೇದರಲ್ಲಿ ಮುಂದಿನ ಸೀಟಿಗೆ ಬಂದು ಕೂತಿದೆ, ನೋಡಿ!

ಸ್ಟಾರ್ ವಿಷಯ ಮಾತ್ರ ಜನ ತಪ್ಪು ತಿಳ್ಕೊಂಡಿದ್ದಾರೆ. ಅದು ಕೆಲಸ ಮಾಡಿದೋರಿಗೆ ಕೊಡೋ ಮಾರ್ಕ್ಸ್ ಅಲ್ಲ, ನೆಲ ಎಷ್ಟು ಚೇತರಿಸ್ಕೊಂಡಿದೆ ಅನ್ನೋದರ ಅಳತೆ. ಅಪಾಯ ದೂರ ಆಗಿದೆಯಾ, ಮಣ್ಣು-ನೀರು ಹೆಂಗಿದೆ, ಯಾವ ಜೀವಿಗಳಿವೆ, ಮೇಲಿಂದ ಕೆಳಗಿನವರೆಗೆ ಪದರ ಪದರವಾಗಿ ಬೆಳೆದಿದೆಯಾ, ವ್ಯವಸ್ಥೆ ತಾನೇ ನಡೀತಿದೆಯಾ, ಅಕ್ಕಪಕ್ಕದ ಜಾಗದ ಜೊತೆ ಕೊಡು-ಕೊಳ್ಳು ಇದೆಯಾ ಅಂತ ಆರು ಕಡೆಯಿಂದ ನೋಡ್ತಾರೆ. ಪೂರ್ತಿ ಕೆಟ್ಟ ಗಣಿ ಜಾಗ ಎರಡು ಸ್ಟಾರ್‌ಗೆ ಬಂದ್ರೂ ಅದು ದೊಡ್ಡ ಕೆಲಸಾನೇ.

ನಿಯಮ ಎಲ್ಲಿ ಎಡವುತ್ತೆ ಅಂದ್ರೆ, ಫಲಿತಾಂಶ ಬಿಟ್ಟು ರೆಸಿಪಿ ಬರೆಯೋಕೆ ಹೊರಟಾಗ. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ 2008ರ ನಿಯಮದಲ್ಲಿ ಕಾಡು ಬೆಳೆಸೋದಾದ್ರೆ ಕನಿಷ್ಠ 80 ಸ್ಥಳೀಯ ಜಾತಿಯ ಮರ ಇರಬೇಕು ಅಂತಿತ್ತು. ಉದ್ದೇಶ ಒಳ್ಳೇದೇ, ಒಂದೆರಡೇ ಜಾತಿ ನೆಟ್ಟು ಕೈತೊಳ್ಕೊಳ್ಳೋರನ್ನ ತಡೆಯೋದು, ಆದ್ರೆ ತಾನಾಗೇ ಚಿಗುರೋ ಜಾಗಕ್ಕೂ, ಏನೂ ಉಳಿದಿಲ್ಲದ ಜಾಗಕ್ಕೂ ಅದೇ ಸಂಖ್ಯೆ ಯಾಕೆ ಅಂತ ವರ್ಷಗಟ್ಟಲೆ ವಾದ ನಡೀತು. 2014ರಲ್ಲಿ ದಾರಿ ಬದಲಾಯಿಸಿದ್ರು, ಹೆಂಗೆ ಮಾಡ್ತೀರೋ ನಿಮಗೆ ಬಿಟ್ಟಿದ್ದು, ಸ್ಥಳೀಯ ಸಸ್ಯ ಎಷ್ಟು ನೆಲ ಮುಚ್ಚಿದೆ, ತಾನಾಗೇ ಹುಟ್ಟಿದ ಸಸಿ ಎಷ್ಟಿವೆ, ಅದರಲ್ಲಿ ಜಾತಿ ಎಷ್ಟು, ಈ ಮೂರನ್ನ ತೋರಿಸಿ ಅಂದ್ರು. ನನ್ನ ಕೇಳಿದ್ರೆ ಮಾನದಂಡ ಅಂದ್ರೆ ಇಂಥದ್ದು.

ಪ್ರಶ್ನೆ: ಹವಾಮಾನವೇ ಬದಲಾಗ್ತಿರೋವಾಗ ಹಳೇ ಕಾಲದ ಕಾಡನ್ನೇ ವಾಪಸ್ ತರ್ತೀವಿ ಅನ್ನೋದು ಹುಚ್ಚುತನ ಅಲ್ವಾ?

ಉತ್ತರ: ಹುಚ್ಚುತನವೇ, ಆದ್ರೆ ಮಾನದಂಡ ಹಂಗೆ ಹೇಳಲ್ಲ. ನೆಲ ಎಷ್ಟು ಚೇತರಿಸ್ಕೊಂಡಿದೆ ಅಂತ ಹೋಲಿಸಿ ನೋಡೋ ಮಾದರಿಗೆ ರೆಫರೆನ್ಸ್ ಅಂತಾರೆ, ಅದು ಹಳೇ ಫೋಟೋ ಅಲ್ಲ, ಈ ಜಾಗ ಹಾಳಾಗದೇ ಇದ್ದಿದ್ರೆ ಇವತ್ತು ಹೆಂಗಿರ್ತಿತ್ತು ಅನ್ನೋ ಅಂದಾಜು, ಬದಲಾವಣೆಯನ್ನೂ ಸೇರಿಸ್ಕೊಂಡು. ಆದ್ರೂ ಕೆಲವು ನೆಲ ವಾಪಸ್ ಬರೋ ಹಂತ ದಾಟಿ ಹೊಸದೇ ಆಗಿಬಿಟ್ಟಿವೆ ಅಂತ ರಿಚರ್ಡ್ ಹಾಬ್ಸ್ ಥರದ ಪರಿಸರ ವಿಜ್ಞಾನಿಗಳು ವಾದಿಸ್ತಾರೆ. ಅದನ್ನ ಒಪ್ಕೊಂಡ್ರೆ ಹಾಳು ಮಾಡಿದೋರಿಗೆ ನೆಪ ಸಿಕ್ಕಂಗೆ ಅಂತ ಎದುರು ಪಾರ್ಟಿ. ನನಗೆ ಎರಡೂ ಕಡೆ ಒಂದಿಷ್ಟು ನಿಜ ಕಾಣುತ್ತೆ, ಜಾಗ ನೋಡದೆ ತೀರ್ಪು ಕೊಡೋಕಾಗಲ್ಲ.

ಪ್ರಶ್ನೆ: ಲಕ್ಷಗಟ್ಟಲೆ ಸಸಿ ನೆಟ್ರೆ ಅದೂ ರೆಸ್ಟೊರೇಶನ್ನೇ ತಾನೇ?

ಉತ್ತರ: ಏನು ನೆಟ್ರಿ, ಎಲ್ಲಿ ನೆಟ್ರಿ ಅನ್ನೋದರ ಮೇಲೆ. 2030ರೊಳಗೆ 35 ಕೋಟಿ ಹೆಕ್ಟೇರ್ ಸರಿಮಾಡ್ತೀವಿ ಅನ್ನೋ ಬಾನ್ ಚಾಲೆಂಜ್‌ಗೆ ದೇಶಗಳು ಕೊಟ್ಟ ಮಾತನ್ನ 2019ರಲ್ಲಿ ತಜ್ಞರು ಕೂತು ಲೆಕ್ಕ ಹಾಕಿದ್ರೆ, ಸುಮಾರು 45 ಪರ್ಸೆಂಟ್ ಜಾಗ ಬರೀ ವಾಣಿಜ್ಯ ನೆಡುತೋಪು, ಅಂದ್ರೆ ಬೆಳೆಸಿ ಕಡಿಯೋ ಮರ. ಇನ್ನು ಸಾವಿರಾರು ವರ್ಷದ ಹುಲ್ಲುಗಾವಲಿನ ಮೇಲೆ ಮರ ನೆಟ್ರೆ ಅದು ಚೆನ್ನಾಗಿರೋ ನೆಲವನ್ನ ಹಾಳು ಮಾಡಿದಂಗೆ, ಸಸಿ ಎಷ್ಟೇ ಬದುಕಲಿ.